ಮಳೆಗಾಲದಲ್ಲಿ ಮಾನ್‌ಸ್ಟೆರಾ ಎಲೆ ಹಳದಿಯಾಗುತ್ತಿದೆ, ನೀರು ಸರಿಯಾಗೇ ಹಾಕುತ್ತಿದ್ದೇನಲ್ಲ?

ಗೋಪಾಳದ ಬಾಲ್ಕನಿ · ಜುಲೈ 9

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಗೋಪಾಳದಲ್ಲಿ ನಮ್ಮ ಮನೆ, ಮೊದಲ ಮಹಡಿ. ಫೆಬ್ರವರಿಯಲ್ಲಿ 450 ರೂಪಾಯಿ ಕೊಟ್ಟು ಒಂದು ಮಾನ್‌ಸ್ಟೆರಾ ತಂದೆ, ದೊಡ್ಡ ಸೀಳೆಲೆ ಬಿಡುವ ಬಳ್ಳಿ ಗಿಡ. ಐದು ಎಲೆ ಇತ್ತು, ಬೇಸಿಗೆಯಲ್ಲಿ ಇನ್ನೆರಡು ಬಂತು. ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಬಾಲ್ಕನಿಯಿಂದ ಹಾಲ್‌ಗೆ ತಂದು ಟಿವಿ ಪಕ್ಕ ಇಟ್ಟೆ. ಈಗ ಕೆಳಗಿನ ಎರಡು ಎಲೆ ಪೂರ್ತಿ ಹಳದಿ. ಮೂರನೆಯದರ ಅಂಚಿನಲ್ಲಿ ಕಂದು ಕಲೆ, ಅದರ ಸುತ್ತ ಹಳದಿ ಗೆರೆ.

ನೀರಿಗೆ ಏನೂ ಕಮ್ಮಿ ಮಾಡಿಲ್ಲ. ದಿನ ಬಿಟ್ಟು ದಿನ ಒಂದು ಚೊಂಬು. ನರ್ಸರಿಯವರೂ "ಮಳೆಕಾಡಿನ ಗಿಡ ಮೇಡಂ, ಎಷ್ಟು ಕೊಟ್ಟರೂ ಕುಡಿಯುತ್ತೆ" ಅಂದಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಎಲೆ ತುದಿಯಲ್ಲಿ ನೀರಿನ ಹನಿ ನಿಂತಿರುತ್ತದೆ. ಅದು ರೋಗವಾ? ಇನ್ನೊಂದು ಬೇಜಾರು, ಏಳು ಎಲೆ ಬಂದರೂ ಒಂದೂ ಫೋಟೊದಲ್ಲಿ ಇರುವ ಹಾಗೆ ಸೀಳಿಲ್ಲ. ನನಗೆ ಬೇರೆ ಗಿಡ ಕೊಟ್ಟುಬಿಟ್ಟರಾ ಅಂತ ಅನುಮಾನ.

ತೀರ್ಥಹಳ್ಳಿ ತೋಟ · ಜುಲೈ 9

ದಿನ ಬಿಟ್ಟು ದಿನ ಒಂದು ಚೊಂಬಾ? ಪುನರ್ವಸು ಮಳೆ ಹೊಯ್ಯುತ್ತಿರುವಾಗ? ಎಂತ ಮಾರಾಯ್ರೆ!

ನಾನು ಮಾನ್‌ಸ್ಟೆರಾ ಬೆಳೆಸಿದವನಲ್ಲ. ಆದರೆ ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿ ಮೂವತ್ತು ವರ್ಷ ಆಯಿತು. ಅದೂ ಗೆಣ್ಣಿನಲ್ಲಿ ಬೇರು ಬಿಟ್ಟು ಮರ ಹಿಡಿಯುವ ಬಳ್ಳಿಯೇ. ನಮ್ಮ ಕಡೆ ಬಳ್ಳಿ ಜಾಸ್ತಿ ಸಾಯುವುದು ಬೇಸಿಗೆಯಲ್ಲಿ ಅಲ್ಲ, ಮಳೆಗಾಲದಲ್ಲಿ. ಬುಡದಲ್ಲಿ ನೀರು ನಿಂತಿತೋ, ಸೊರಗು ರೋಗ ಬಂತು. ನಿನ್ನೆ ಹಸಿರಾಗಿದ್ದ ಬಳ್ಳಿ ನೋಡನೋಡುತ್ತಾ ಜೋತು ಬೀಳುತ್ತದೆ. ಅದಕ್ಕೇ ಮಳೆಗೆ ಮುಂಚೆಯೇ ಬಸಿಗಾಲುವೆ ಬಿಡಿಸಿಕೊಳ್ಳುತ್ತೇವೆ. ನಿಮ್ಮ ಕುಂಡದ ಬಸಿಗಾಲುವೆ ಎಲ್ಲಿದೆ? ತಳದಲ್ಲಿ ತೂತು ಉಂಟಾ? ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನೀರು ನಿಂತಿದೆಯಾ? ಮೊದಲು ಅದನ್ನು ನೋಡಿ, ಎಲೆ ಆಮೇಲೆ ನೋಡೋಣ.

ಸಾಗರದ ಮೇಷ್ಟ್ರು · ಜುಲೈ 9

ತೋಟದವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಸ್ವಲ್ಪ ಸೇರಿಸುತ್ತೇನೆ.

ಮಾನ್‌ಸ್ಟೆರಾ ಡೆಲಿಸಿಯೋಸಾ ದಕ್ಷಿಣ ಮೆಕ್ಸಿಕೋದಿಂದ ಪನಾಮಾದವರೆಗಿನ ಕಾಡಿನ ಗಿಡ. ಅಲ್ಲೂ ಮಳೆ ಜೋರೇ. ಆದರೆ ಅದು ಬೆಳೆಯುವುದು ಮರ ಹತ್ತಿಕೊಂಡು. ಅರ್ಧ ಬೇರು ತೊಗಟೆಗೆ ಅಂಟಿರುತ್ತದೆ, ಇನ್ನರ್ಧ ತರಗೆಲೆಯಲ್ಲಿ. ಮಳೆ ಬಂದು ಸುರಿದು ಹೋಗುತ್ತದೆ, ಅರ್ಧ ಗಂಟೆಯಲ್ಲಿ ಬೇರಿಗೆ ಮತ್ತೆ ಗಾಳಿ.

ನಮಗೆ ಇದು ಹೊಸದೇನಲ್ಲ. ಪತ್ರೊಡೆಗೆ ಮರಕೆಸು ಎಲ್ಲಿಂದ ಕೊಯ್ಯುತ್ತೀರಿ? ಮರದ ಕವಲಿನಿಂದ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಮರಕೆಸು ಕೊಳೆಯುತ್ತದಾ? ಇಲ್ಲ. ಅದೇ ಗಡ್ಡೆಯನ್ನು ಬಕೆಟ್ಟಿನ ಕೆಸರಲ್ಲಿ ಹೂತು ನೋಡಿ. ಮರಕೆಸು, ಸುವರ್ಣಗೆಡ್ಡೆ, ಮನಿಪ್ಲಾಂಟು, ನಿಮ್ಮ ಮಾನ್‌ಸ್ಟೆರಾ, ಎಲ್ಲವೂ ಒಂದೇ ಕುಟುಂಬ. ನಮ್ಮ ಪಶ್ಚಿಮ ಘಟ್ಟದಲ್ಲೇ ರಾಫಿಡೋಫೊರಾ ಪರ್ಟುಸಾ ಅಂತ ಒಂದು ಬಳ್ಳಿ ಇದೆ, ಎಲೆಯಲ್ಲಿ ತೂತು, ಸೀಳು ಎಲ್ಲ ಇದೆ. ದಾರಿ ಬದಿಯ ಮರದ ಮೇಲೆ ನೋಡಿಯೂ ಇರುತ್ತೀರಿ. ದುಡ್ಡು ಕೊಟ್ಟಿಲ್ಲ ಅಂತ ನೆನಪಿಲ್ಲ, ಅಷ್ಟೇ.

ಎಲೆ ತುದಿಯ ಹನಿ ರೋಗ ಅಲ್ಲ. ರಾತ್ರಿ ಬೇರು ನೀರು ಎಳೆಯುತ್ತಲೇ ಇರುತ್ತದೆ, ಎಲೆಯಿಂದ ಆವಿಯಾಗುವುದು ನಿಂತಿರುತ್ತದೆ. ಜಾಸ್ತಿಯಾದದ್ದು ಅಂಚಿನಲ್ಲಿ ಒಸರುತ್ತದೆ. ಕೆಸುವಿನ ಎಲೆ ತುದಿಯಲ್ಲೂ ಬೆಳಿಗ್ಗೆ ಹೀಗೇ ಇರುತ್ತದೆ. ದಿನಾ ಬರುತ್ತಿದೆ ಅಂದರೆ ಮಣ್ಣು ತುಂಬಾ ಒದ್ದೆ ಇದೆ ಅಂತ ಒಂದು ಸೂಚನೆ ಅಷ್ಟೇ.

ಅಜ್ಜಿಮನೆ ಹೊಸನಗರ · ಜುಲೈ 10

ಮೇಷ್ಟ್ರೇ, ಒಂದು ತಕರಾರು. ನಮ್ಮ ಅತ್ತೆ ಹಾರ್ಲಿಕ್ಸ್ ಬಾಟಲಿಯಲ್ಲಿ ಬರೀ ನೀರಿಗೆ ಮನಿಪ್ಲಾಂಟು ಹಾಕಿಟ್ಟು ಹತ್ತು ವರ್ಷ ಆಯಿತು. ಅಡುಗೆಮನೆ ಕಿಟಕಿ ತುಂಬಾ ಹಬ್ಬಿದೆ. ಒಂದೇ ಕುಟುಂಬ ಅಂತೀರಿ. ಹಾಗಾದರೆ ಅದರ ಬೇರು ಯಾಕೆ ಕೊಳೆತಿಲ್ಲ? ನೀರು ಜಾಸ್ತಿ ಆದರೆ ಸಾಯುತ್ತದೆ ಅನ್ನುವುದು ಸುಮ್ನೆ ಮಾತು ಅನಿಸುತ್ತದೆ.

ಸಾಗರದ ಮೇಷ್ಟ್ರು · ಜುಲೈ 10

ಒಳ್ಳೆ ತಕರಾರು. ಕೊಲ್ಲುವುದು ನೀರಲ್ಲ, ಗಾಳಿ ಇಲ್ಲದಿರುವುದು. ಬಾಟಲಿಯ ನೀರಿನಲ್ಲಿ ಒಂದಿಷ್ಟು ಆಮ್ಲಜನಕ ಕರಗಿರುತ್ತದೆ, ಅತ್ತೆ ವಾರಕ್ಕೊಮ್ಮೆ ನೀರು ಬದಲಿಸುತ್ತಿರಬೇಕು. ಅಲ್ಲಿ ಹುಟ್ಟಿದ ಬೇರು ಮೊದಲಿನಿಂದಲೇ ನೀರಿಗೆ ಒಗ್ಗಿ, ಒಳಗೆ ಗಾಳಿಗೂಡು ಮಾಡಿಕೊಂಡು ಬೆಳೆದಿರುತ್ತದೆ. ಕುಂಡದ ಬೇರು ಹಾಗಲ್ಲ. ಮಣ್ಣಿನ ಸಂದಿಯಲ್ಲೆಲ್ಲ ನೀರು ತುಂಬಿದರೆ, ಇದ್ದ ಆಮ್ಲಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳೇ ಮೊದಲು ತಿಂದು ಮುಗಿಸುತ್ತವೆ. ಉಸಿರು ಕಟ್ಟಿದ ಬೇರಿಗೆ ಆಮೇಲೆ ಶಿಲೀಂಧ್ರ ಹತ್ತುತ್ತದೆ.

ಅತ್ತೆಯವರ ಬಳ್ಳಿಯನ್ನು ಆ ಬಾಟಲಿಯಿಂದ ತೆಗೆದು ನೇರ ಜೇಡಿ ಮಣ್ಣಿಗೆ ನೆಟ್ಟು ನೀರು ಹೊಯ್ದರೆ ಅದೂ ಸೊರಗುತ್ತದೆ. ಪ್ರಯೋಗ ಮಾಡಬೇಡಿ, ಮನೆಯಲ್ಲಿ ಜಗಳ ಆದೀತು.

ಗೋಪಾಳದ ಬಾಲ್ಕನಿ · ಜುಲೈ 10

ತೂತು ಇದೆ, ಆದರೆ ಒಂದೇ ಒಂದು, ಅದೂ ಹೆಬ್ಬೆರಳಿನಷ್ಟು. ಚಂದ ಕಾಣಲಿ ಅಂತ ಇಡೀ ಕುಂಡವನ್ನು ಒಂದು ಸೆರಾಮಿಕ್ ಪಾತ್ರೆಯೊಳಗೆ ಇಟ್ಟಿದ್ದೆ. ಈಗ ಎತ್ತಿ ನೋಡಿದರೆ ಅದರಲ್ಲಿ ಎರಡು ಇಂಚು ನೀರು. ವಾಸನೆ ಬೇರೆ. ಇದನ್ನು ಬರೆಯುವುದಕ್ಕೂ ನಾಚಿಕೆ.

ಗಿಡ ಹೊರಗೆ ತೆಗೆದೆ. ಮಣ್ಣು ಕೆಂಪು ಜೇಡಿ, ಮುದ್ದೆ ಹಾಗೆ ಒಂದೇ ಗಟ್ಟಿಯಾಗಿ ಬಂತು. ಮೇಲಿನ ಬೇರು ಬಿಳಿ ಇದೆ, ಗಟ್ಟಿ ಇದೆ. ಕೆಳಗಿನದೆಲ್ಲ ಕಂದು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ನಮ್ಮ ಭಾವ ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣ ತಂದುಕೊಡುತ್ತೇನೆ, ಬೇರಿಗೆ ಹೊಯ್ದುಬಿಡು ಅಂತಿದ್ದಾರೆ. ಹೊಯ್ಯಲಾ?

ತೀರ್ಥಹಳ್ಳಿ ತೋಟ · ಜುಲೈ 10

ಬೇಡ. ಬೋರ್ಡೋ ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆ ಗೊನೆಯ ಮೇಲೆ ಪದರ ಕಟ್ಟಿ ರೋಗ ಒಳಗೆ ಬಾರದ ಹಾಗೆ ತಡೆಯುವುದು ಅದರ ಕೆಲಸ. ಕೊಳೆತ ಮೇಲೆ ಹೊಡೆದರೆ ಕೊಳೆತದ್ದು ವಾಪಸ್ ಬರುತ್ತದಾ? 1910ರ ಹೊತ್ತಿಗೆ ಮೈಸೂರು ಸರ್ಕಾರದಲ್ಲಿದ್ದ ಕೋಲ್ಮನ್ ಸಾಹೇಬರು ಕೊಳೆರೋಗಕ್ಕೆ ಇದನ್ನು ಹೇಳಿಕೊಟ್ಟ ಕಾಲದಿಂದಲೂ ಲೆಕ್ಕ ಒಂದೇ, ಮಳೆಗೆ ಮುಂಚೆ ಹೊಡೆಯಬೇಕು. ಜೊತೆಗೆ, ಮಾಡಿದ ದಿನವೇ ಖರ್ಚು ಮಾಡಬೇಕು. ನಿನ್ನೆ ಉಳಿದದ್ದನ್ನು ಭಾವ ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ನಿಮ್ಮ ಹಾಲಿನ ಪರದೆಗೆ ನೀಲಿ ಕಲೆ ಬಿದ್ದರೆ ಅದೂ ಹೋಗುವುದಿಲ್ಲ.

ಮೊಳಕೆ · ಜುಲೈ 10

ಅಕ್ಕಾ, ಗಾಬರಿ ಬೇಡ. ನಾನು ಹೀಗೇ ಎರಡು ಗಿಡ ಕೊಂದು ಮೂರನೆಯದನ್ನು ಉಳಿಸಿಕೊಂಡವಳು. ಮೇಲೆ ಬಿಳಿ ಬೇರು ಇದೆ ಅಂದಿರಲ್ಲ, ಅಷ್ಟು ಸಾಕು.

ಮಣ್ಣನ್ನೆಲ್ಲ ನಲ್ಲಿ ನೀರಲ್ಲಿ ತೊಳೆದು ತೆಗೆಯಿರಿ. ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ ಮೆತ್ತಗಾದ ಬೇರೆಲ್ಲ ಕತ್ತರಿಸಿ, ಗಟ್ಟಿ ಬಿಳಿ ಭಾಗ ಕಾಣುವವರೆಗೆ. ಪಾಪ ಅಂತ ಅರ್ಧ ಬಿಡಬೇಡಿ. ಒಂದು ಗಂಟೆ ಪೇಪರ್ ಮೇಲೆ ಗಾಳಿಗೆ ಬಿಡಿ. ಆಮೇಲೆ ಚಿಕ್ಕ ಕುಂಡಕ್ಕೆ ನೆಡಿ. ಎಲ್ಲರೂ ತಪ್ಪುವುದು ಇಲ್ಲೇ. ಗಿಡ ಬೆಳೆಯಲಿ ಅಂತ ದೊಡ್ಡ ಕುಂಡ ಕೊಡುತ್ತಾರೆ. ಬೇರು ಮುಟ್ಟದ ಮಣ್ಣು ಒಣಗುವುದೇ ಇಲ್ಲ. ಉಳಿದ ಬೇರಿನ ಗುಂಪಿಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ಮಣ್ಣಿನ ಕುಂಡ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಗೋಡೆಯೇ ಒಂದಿಷ್ಟು ತೇವ ಎಳೆದುಕೊಳ್ಳುತ್ತದೆ.

ಮಣ್ಣಿಗೆ ನಾನು ಹಾಕುವುದು: ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎರಡು ಪಾಲು, ತೆಂಗಿನ ಸಿಪ್ಪೆಯ ಚೂರು ಎರಡು ಪಾಲು, ಒಲೆಯ ಇದ್ದಿಲನ್ನು ಕಡಲೆಕಾಳಿನಷ್ಟು ದಪ್ಪಕ್ಕೆ ಕುಟ್ಟಿದ್ದು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಒಂದು ಹಿಡಿ ಎರೆಗೊಬ್ಬರ. ಕೋಕೋಪೀಟನ್ನು ಎರಡು ಸಲ ನೀರಲ್ಲಿ ತೊಳೆಯಿರಿ, ಉಪ್ಪಿನಂಶ ಇರುತ್ತದೆ. ಕೈಯಲ್ಲಿ ಹಿಡಿದು ಹಿಂಡಿದರೆ ಉಂಡೆ ಆಗಬಾರದು, ಬಿಟ್ಟ ತಕ್ಷಣ ಉದುರಬೇಕು. ಮರಳು ಹೊಳೆಯದೇ ಆಗಬೇಕು ಅಂತಿಲ್ಲ, ಸಿಮೆಂಟ್ ಕೆಲಸದ ನುಣುಪು ಪುಡಿ ಮಾತ್ರ ಬೇಡ.

ಮೊದಲ ಸಲ ಅರ್ಧ ಲೋಟ ನೀರು. ಆಮೇಲೆ ದಿನ ಎಣಿಸಬೇಡಿ. ಒಂದು ಅಗರಬತ್ತಿ ಕಡ್ಡಿಯನ್ನು ಕುಂಡದ ಅರ್ಧದವರೆಗೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಒದ್ದೆಯಾಗಿ ಮಣ್ಣು ಅಂಟಿದ್ದರೆ ನೀರು ಬೇಡ. ಒಣ ಕಡ್ಡಿ ಬಂದರೆ ತಳದಿಂದ ಹರಿಯುವಷ್ಟು ಹಾಕಿ, ಹರಿದದ್ದನ್ನು ಚೆಲ್ಲಿ. ಆಷಾಢದಲ್ಲಿ ನನ್ನ ಗಿಡ ಹದಿನೆಂಟು ದಿನ ನೀರು ಕೇಳಲಿಲ್ಲ. ಏಪ್ರಿಲ್‌ನಲ್ಲಿ ಅದೇ ಗಿಡಕ್ಕೆ ವಾರಕ್ಕೆ ಎರಡು ಸಲ ಬೇಕಾಯಿತು.

ಮತ್ತೆ, ಹಳದಿಯಾದ ಎಲೆ ಹಸಿರಾಗುವುದಿಲ್ಲ. ಕಾಯಬೇಡಿ, ಕತ್ತರಿಸಿ.

ಅಜ್ಜಿಮನೆ ಹೊಸನಗರ · ಜುಲೈ 10

ಅಕ್ಕಿ ತೊಳೆದ ನೀರು ಹಾಕಬಹುದಾ? ನಾನು ಎಲ್ಲ ಗಿಡಕ್ಕೂ ಹಾಕುತ್ತೇನೆ.

ಮೊಳಕೆ · ಜುಲೈ 10

ಅಂಗಳದ ದಾಸವಾಳಕ್ಕೆ ಹಾಕಿ. ಮನೆಯೊಳಗಿನ ಕುಂಡಕ್ಕೆ ಈ ಹವೆಯಲ್ಲಿ ಹಾಕಿದರೆ ಮೇಲೆ ಬೂಷ್ಟು ಕಟ್ಟುತ್ತದೆ, ಕಣ್ಣಿಗೆ ಬೀಳುವ ಸಣ್ಣ ಕಪ್ಪು ನೊಣ ಎದ್ದೇಳುತ್ತದೆ. ಮಳೆಗಾಲದಲ್ಲಿ ಯಾವ ಗೊಬ್ಬರವೂ ಬೇಡ. ಬೇರು ಸುಧಾರಿಸಿ ಹೊಸ ಚಿಗುರು ಬಂದ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ) ಒಂದು ಲೀಟರಿಗೆ ಒಂದು ಗ್ರಾಂ, ತಿಂಗಳಿಗೆ ಒಮ್ಮೆ. ತೋಟಕ್ಕೆ ಹಾಕುವ ಅಳತೆಯಲ್ಲಿ ಹಾಕಿ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಹೆಂಚಿನಮನೆ ಕೊಪ್ಪ · ಜುಲೈ 11

ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ. ಟಿವಿ ಪಕ್ಕ ಅಂದರಲ್ಲ, ಅದನ್ನು ಯಾರೂ ಕೇಳಲೇ ಇಲ್ಲ. ಬೆಳಕಿಲ್ಲದ ಗಿಡ ನೀರು ಕುಡಿಯುವುದಿಲ್ಲ. ಕುಡಿಯದ ನೀರು ಕುಂಡದಲ್ಲೇ ನಿಲ್ಲುತ್ತದೆ. ಎರಡೂ ಒಂದೇ ರೋಗ.

ನಮ್ಮದು ಹಳೇ ಹೆಂಚಿನ ಮನೆ, ಮಾಡು ತಗ್ಗು. ಜುಲೈನಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಲೈಟ್ ಹಾಕದೆ ಪೇಪರ್ ಓದುವುದಕ್ಕಾಗುವುದಿಲ್ಲ. ನಡುಮನೆಯಲ್ಲಿ ಎರಡು ಗಾಜಿನ ಹೆಂಚು ಇದೆ. ಅದರ ಕೆಳಗೇ ನನ್ನ ಮಾನ್‌ಸ್ಟೆರಾ ಇಟ್ಟೆ, ಮಳೆಗಾಲಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ಫೆಬ್ರವರಿಯಲ್ಲಿ ಏನಾಯಿತು ಗೊತ್ತಾ? ಮೋಡ ಹೋಗಿ ಬಿಸಿಲು ನೇರ ಆ ಗಾಜಿನಿಂದ ಇಳಿಯಿತು. ಮಧ್ಯಾಹ್ನ ಒಂದೇ ಎಲೆಯ ಮೇಲೆ ಚೌಕಾಕಾರದ ಬಿಸಿಲು. ನಾಲ್ಕನೇ ದಿನ ಅಷ್ಟೇ ಚೌಕಾಕಾರದಲ್ಲಿ ಎಲೆ ಸುಟ್ಟು ಹಪ್ಪಳದ ಹಾಗಾಯಿತು. ಈಗ ಶಿವರಾತ್ರಿಯೊಳಗೆ ಕುಂಡವನ್ನು ಎರಡು ಅಡಿ ಸರಿಸುತ್ತೇನೆ.

ನಿಮಗೆ ಗಾಜಿನ ಹೆಂಚು ಎಲ್ಲಿಂದ ಬರಬೇಕು. ಪೂರ್ವದ ಕಿಟಕಿ ಇದ್ದರೆ ಅದರ ಪಕ್ಕ ಇಡಿ. ಇಲ್ಲದಿದ್ದರೆ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಗಿಡದಿಂದ ಒಂದಡಿ ಮೇಲೆ, ದಿನಕ್ಕೆ ಹತ್ತು ಹನ್ನೆರಡು ಗಂಟೆ. ನೇರಳೆ ಬಣ್ಣದ ಲೈಟಿಗೆ ದುಡ್ಡು ಸುರಿಯಬೇಡಿ, ಮನೆ ನಾಟಕದ ಸ್ಟೇಜ್ ಹಾಗೆ ಕಾಣುತ್ತದೆ.

ಗೋಪಾಳದ ಬಾಲ್ಕನಿ · ಜುಲೈ 12

ಕತ್ತರಿಸಿದೆ. ಮುಕ್ಕಾಲು ಬೇರು ಹೋಯಿತು. ಕೈ ನಡುಗಿತು, ನಿಜವಾಗಿ. ನಾಲ್ಕು ಎಲೆ ಉಳಿದಿದೆ. ಪೂರ್ವದ ಕಿಟಕಿ ಮಲಗುವ ಕೋಣೆಯಲ್ಲಿದೆ, ಅಲ್ಲಿಗೆ ಹೋಯಿತು. ಅಲ್ಲಿ ಎರಡು ವರ್ಷದ ಮಗ ಮಲಗುತ್ತಾನೆ. ಇದು ವಿಷ ಅಂತ ಎಲ್ಲೋ ಓದಿದ ನೆನಪು, ಹೌದಾ?

ಇನ್ನೊಂದು, ಎಲೆ ಸೀಳದಿರುವ ಬಗ್ಗೆ ಯಾರೂ ಹೇಳಲಿಲ್ಲ.

ಸಾಗರದ ಮೇಷ್ಟ್ರು · ಜುಲೈ 12

ಸರಿಯಾಗಿ ಬೇಯಿಸದ ಕೆಸುವಿನ ಸೊಪ್ಪು ತಿಂದು ಬಾಯಿ ತುರಿಸಿಕೊಂಡಿದ್ದೀರಾ? ಅದೇ ಇದು. ಎಲೆ, ಕಾಂಡದಲ್ಲೆಲ್ಲ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳು. ಕಚ್ಚಿದರೆ ಬಾಯಿ, ನಾಲಿಗೆ ಉರಿದು ಜೊಲ್ಲು ಸುರಿಯುತ್ತದೆ. ಕೆಸುವಿಗಾದರೆ ಹುಣಸೆಹುಳಿ ಹಾಕಿ ಬೇಯಿಸುತ್ತೇವೆ, ಇದನ್ನು ಯಾರೂ ಪತ್ರೊಡೆ ಮಾಡುವುದಿಲ್ಲ. ಮಗುವಿನ ಕೈಗೆ ಸಿಗದ ಎತ್ತರದಲ್ಲಿಡಿ. ಅಕಸ್ಮಾತ್ ಕಚ್ಚಿದರೆ ಬಾಯಿ ತೊಳೆಸಿ. ತುಟಿ, ಗಂಟಲು ಊದಿಕೊಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಬೆಕ್ಕು, ನಾಯಿಗೂ ಇದೇ ತೊಂದರೆ. ಅಚ್ಚರಿ ಅಂದರೆ ಪೂರ್ತಿ ಹಣ್ಣಾದ ಕಾಯಿ ತಿನ್ನಬಹುದು, ಡೆಲಿಸಿಯೋಸಾ ಹೆಸರು ಬಂದದ್ದೇ ಅದರ ರುಚಿಗೆ. ಕುಂಡದ ಗಿಡದಲ್ಲಿ ಕಾಯಿ ಬಿಡುವುದು ಅಪರೂಪ, ಬಾಯಲ್ಲಿ ನೀರೂರಿಸಿಕೊಳ್ಳಬೇಡಿ.

ಸೀಳಿನ ವಿಷಯ. ನಿಮ್ಮ ಗಿಡ ಇನ್ನೂ ಮಗು. ಮೊದಲ ಎಲೆಗಳು ಹೃದಯದ ಆಕಾರದಲ್ಲಿ ಇಡಿಯಾಗೇ ಬರುತ್ತವೆ. ಸೀಳು, ತೂತು ಎಲ್ಲ ಎಲೆ ಸುರುಳಿಯೊಳಗೆ ಇರುವಾಗಲೇ ಆಗುವುದು. ಬಿಚ್ಚಿಕೊಂಡ ಎಲೆ ಆಮೇಲೆ ಸೀಳುವುದಿಲ್ಲ. ಈ ತೂತು ಯಾಕೆ ಅನ್ನುವುದಕ್ಕೆ 2013ರಲ್ಲಿ ಕ್ರಿಸ್ಟೋಫರ್ ಮ್ಯೂಯಿರ್ ಅನ್ನುವ ವಿಜ್ಞಾನಿ ಒಂದು ಚಂದದ ವಾದ ಮುಂದಿಟ್ಟರು. ಕಾಡಿನ ಬುಡಕ್ಕೆ ಬಿಸಿಲು ಬರುವುದು ಚುಕ್ಕೆ ಚುಕ್ಕೆಯಾಗಿ, ಒಂದು ಗಳಿಗೆ ಇಲ್ಲಿ, ಒಂದು ಗಳಿಗೆ ಅಲ್ಲಿ. ಇದ್ದಷ್ಟೇ ಎಲೆಯನ್ನು ತೂತು ಬಿಟ್ಟು ಅಗಲಕ್ಕೆ ಹರಡಿದರೆ ಯಾವುದಾದರೂ ಚುಕ್ಕೆ ಸಿಕ್ಕೇ ಸಿಗುತ್ತದೆ. ಬಲೆ ಬೀಸಿದ ಹಾಗೆ.

ತೀರ್ಥಹಳ್ಳಿ ತೋಟ · ಜುಲೈ 12

ಮತ್ತೆ, ಹತ್ತಿಸದೆ ದೊಡ್ಡ ಎಲೆ ಹೇಗೆ ಬರುತ್ತದೆ? ನಮ್ಮ ತೋಟದ ಅಂಚಿನಲ್ಲಿ ಯಾರೋ ಬಿಸಾಡಿದ ಮನಿಪ್ಲಾಂಟು ಒಂದು ಸಿಲ್ವರ್ ಓಕ್ ಹತ್ತಿದೆ. ನೆಲದ ಮೇಲೆ ಹರಿಯುವಾಗ ವೀಳ್ಯದೆಲೆಯಷ್ಟು ಎಲೆ. ಇಪ್ಪತ್ತು ಅಡಿ ಮೇಲೆ ಹೋದ ಮೇಲೆ ಮೊರದಷ್ಟು, ಅಂಚೆಲ್ಲ ಸೀಳು. ಅದೇ ಬಳ್ಳಿ! ಮೆಣಸಿನಲ್ಲೂ ನೆಲದಲ್ಲಿ ಹರಿಯುವ ಹಂಬು ಕಾಳು ಬಿಡುವುದಿಲ್ಲ, ಮರ ಹಿಡಿದ ಮೇಲೇ ಫಸಲು.

ಅಡಿಕೆ ಮರ ಸೀಳಿದ ದಬ್ಬೆ ಒಂದು ಮೂರು ಅಡಿ ಕತ್ತರಿಸಿ, ತೆಂಗಿನ ನಾರು ಸುತ್ತಿ, ಕುಂಡದ ತಳದವರೆಗೆ ನೆಡಿ. ಅಂಗಡಿಯ ಕೋಲಿಗೆ ದುಡ್ಡು ಎಂತಕ್ಕೆ.

ಮೊಳಕೆ · ಜುಲೈ 13

ದಬ್ಬೆ ಐಡಿಯಾ ಚೆನ್ನಾಗಿದೆ. ಕಟ್ಟುವಾಗ ಗಿಡದ ಮುಖ ಬೆನ್ನು ನೋಡಿ. ಎಲೆಗಳು ಮುಖ ಮಾಡಿದ ಕಡೆ ಮುಂದು, ಗಾಳಿಬೇರು ಹೊರಡುವ ಕಡೆ ಬೆನ್ನು. ಬೆನ್ನು ದಬ್ಬೆಗೆ ತಾಗಬೇಕು. ದಪ್ಪ ಕಾಂಡಕ್ಕೆ ಕಟ್ಟಿ, ಎಲೆಯ ತೊಟ್ಟಿಗೆ ಕಟ್ಟಬೇಡಿ, ತೊಟ್ಟು ಬೆಳಕಿನ ಕಡೆ ತಿರುಗಬೇಕಲ್ಲ. ಬಾಳೆ ನಾರು ಸಾಕು, ಪ್ಲಾಸ್ಟಿಕ್ ದಾರ ಕೊರೆಯುತ್ತದೆ.

ಒಂದು ವಿನಂತಿ. ಕೋಲಿಗೆ ಸುತ್ತಲು ಪಾಚಿ ಬೇಕು ಅಂತ ಘಾಟಿ ಮರಗಳಿಂದ ಕೆರೆದು ತರುವವರಿದ್ದಾರೆ. ದಯವಿಟ್ಟು ಬೇಡ. ಈ ತಿಂಗಳು ನಿಮ್ಮ ಕಾಂಪೌಂಡ್ ಗೋಡೆಯಲ್ಲೇ ಬೇಕಾದಷ್ಟು ಇರುತ್ತದೆ.

ಹುಳದ ಬಗ್ಗೆಯೂ ಹೇಳಿಬಿಡುತ್ತೇನೆ, ಡಿಸೆಂಬರ್ ನಂತರ ಹವೆ ಒಣಗಿದಾಗ ಎಲೆಯ ಅಡಿಯಲ್ಲಿ ಹಿಟ್ಟು ತಿಗಣೆ, ನುಸಿ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಎಣ್ಣೆ ಬೆರೆಯಲಿಕ್ಕೆ ಸ್ವಲ್ಪ ಅಂಟುವಾಳದ ನೀರು. ಸಂಜೆ ಹೊಡೆಯಿರಿ. ಹಾಲಲ್ಲಿ ಎಲೆ ಒರೆಸಿ ಹೊಳಪು ಬರಿಸುವುದು ಬೇಡ, ಇರುವೆಗೆ ಕರೆ ಕೊಟ್ಟ ಹಾಗೆ.

ಹೆಂಚಿನಮನೆ ಕೊಪ್ಪ · ಜುಲೈ 13

ಅಕ್ಕ, ಒಂದು ಜಾಮೀನು ಇಟ್ಟುಕೊಳ್ಳಿ. ತುದಿಯಿಂದ ಒಂದು ಗೆಣ್ಣು, ಒಂದು ಎಲೆ, ಒಂದು ಗಾಳಿಬೇರು ಇರುವ ತುಂಡು ಕತ್ತರಿಸಿ ನೀರಿಗೆ ಹಾಕಿ. ತಾಯಿ ಗಿಡ ಹೋದರೂ ಮಗು ಉಳಿಯುತ್ತದೆ. ಗೆಣ್ಣಿಲ್ಲದ ಬರೀ ಎಲೆ ಹಾಕಿದರೆ ತಿಂಗಳುಗಟ್ಟಲೆ ಹಸಿರಾಗಿದ್ದು ಆಸೆ ತೋರಿಸುತ್ತದೆ, ಚಿಗುರುವುದಿಲ್ಲ. ನಾನು ಐದು ತಿಂಗಳು ಕಾದಿದ್ದೆ.

ಗೋಪಾಳದ ಬಾಲ್ಕನಿ · ಸೆಪ್ಟೆಂಬರ್ 21

ಎರಡು ತಿಂಗಳು ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಜುಲೈ ಕೊನೆಗೆ ಇನ್ನೊಂದು ಎಲೆ ಹೋಯಿತು. ಕಿತ್ತು ಬಿಸಾಡೋಣ ಅಂತ ಎರಡು ಸಲ ಅನಿಸಿತು. ಅಗರಬತ್ತಿ ಕಡ್ಡಿ ಚುಚ್ಚಿ ಚುಚ್ಚಿ ಮನೆಯವರು ನಗುತ್ತಿದ್ದರು, ಪೂಜೆ ಮಾಡುತ್ತಿದ್ದೀಯಾ ಅಂತ. ಆಗಸ್ಟ್ ಪೂರ್ತಿ ನೀರು ಹಾಕಿದ್ದು ಎರಡೇ ಸಲ.

ಹೋದ ವಾರ ತುದಿಯಲ್ಲಿ ತಿಳಿ ಹಸಿರು ಸುರುಳಿ ಕಾಣಿಸಿತು. ಊದುಬತ್ತಿಗಿಂತ ಸ್ವಲ್ಪ ದಪ್ಪ. ದಿನಾ ಒಂದು ಸುತ್ತು ಬಿಚ್ಚಿಕೊಳ್ಳುತ್ತಿತ್ತು. ನಿನ್ನೆ ಪೂರ್ತಿ ತೆರೆಯಿತು, ಮುಟ್ಟಿದರೆ ಮಗುವಿನ ಕಿವಿಯಷ್ಟು ಮೆತ್ತಗೆ. ಎಡಗಡೆ ಅಂಚಿನಲ್ಲಿ ಒಂದೇ ಒಂದು ಸೀಳು. ಬಲಗಡೆ ಏನೂ ಇಲ್ಲ. ನೀರಿಗೆ ಹಾಕಿದ ತುಂಡಿಗೂ ನಾಲ್ಕು ಇಂಚು ಬೇರು ಬಂದಿದೆ, ಅದನ್ನು ಬೇಸಿಗೆಗೆ ಅಮ್ಮನ ಮನೆಗೆ ಕೊಡುತ್ತೇನೆ.

ತೀರ್ಥಹಳ್ಳಿ ತೋಟ · ಸೆಪ್ಟೆಂಬರ್ 21

ಬೇಸಿಗೆವರೆಗೆ ಕಾಯಬೇಡಿ, ನೀರಿನ ಬೇರು ಉದ್ದವಾದಷ್ಟೂ ಮಣ್ಣಿಗೆ ಒಗ್ಗುವುದು ಕಷ್ಟ. ಈಗಲೇ ನೆಡಿ. ದಬ್ಬೆ ನೆಟ್ಟಿರಾ? ಫೋಟೊ ಹಾಕಿ.

ಗೋಪಾಳದ ಬಾಲ್ಕನಿ · ಸೆಪ್ಟೆಂಬರ್ 21

ನೆಟ್ಟೆ ಅಣ್ಣ, ಭಾವನ ತೋಟದ್ದೇ ದಬ್ಬೆ. ಬೋರ್ಡೋ ಬೇಡ ಅಂದಿದ್ದಕ್ಕೆ ಸಿಟ್ಟಾಗಿದ್ದರು, ದಬ್ಬೆ ಕೇಳಿದ ಮೇಲೆ ಸರಿಹೋದರು. ಫೋಟೊ ನಾಳೆ ಹಾಕುತ್ತೇನೆ, ಸಂಜೆಯಿಂದ ಕರೆಂಟ್ ಇಲ್ಲ.